ಪ್ಲಾಸ್ಟರ್ ಡಬ್ಬಿಯ ಕೈಗಡ

ಇವತ್ತು ಬೆಳಿಗ್ಗೆ ದವಾಖಾನಿಯ ಸ್ಟೋರಿನ ಬಾಗಿಲು ತೆಗೆದೆ. ಗೆದ್ದಲು ಏರಿದ ಕಡೆ ಸೀಮೆಎಣ್ಣೆ ಹಚ್ಚಿದೆ. ಒಗೆದು ಬಂದ ಬ್ಯಾಂಡೇಜು ಪಟ್ಟಿಗಳನ್ನು ಬಿಸಿಲಿಗೆ ಹರವಿ, ಕಾಗೆ ಬಾರದಂತೆ ಕಾದು, ಒಣಗಿದ ಮೇಲೆ ಸುರುಳಿ ಸುತ್ತಿದೆ. ದೀಪದ ಬತ್ತಿಗೆ ಒಂದು ಹಿಡಿ ಅರಳೆ ಕೇಳಲು ಬಂದ ಪೂಜಾರಿಯವರಿಗೆ ಇಲ್ಲವೆಂದೆ. “ದೇವರಿಗೂ ಇಲ್ಲ ಅಂತೀರೇನ್ರಿ?” ಅಂದರು. “ದೇವರಿಗೆ ಗಾಯ ಆದ್ರ ಬರ್ರಿ, ಕೊಡ್ತೇನಿ” ಅಂದೆ.

ಇದೆಲ್ಲ ಒಂದು ಕೆಲಸವೇ ಎಂದು ಕೇಳಬಹುದು. ಊರೂ ಹಾಗೇ ಕೇಳುತ್ತದೆ. ಸ್ಟೋರ್‌ಕೀಪರನ ಕೆಲಸವೂ ಸಾರಿನ ಉಪ್ಪೂ ಒಂದೇ ಜಾತಿ. ಇದ್ದ ದಿನ ಯಾರೂ ಹೊಗಳುವುದಿಲ್ಲ. ಇಲ್ಲದ ದಿನ ಮನೆಮಂದಿಯೆಲ್ಲ ತಲೆ ಎತ್ತಿ ನೋಡುತ್ತಾರೆ. ಡಾಕ್ಟರು ಜೀವ ಉಳಿಸುತ್ತಾರೆ, ಕಂಪೌಂಡರು ಔಷಧ ಕೊಡುತ್ತಾರೆ, ನಾನು ಕೀಲಿಕೈ ಇಟ್ಟುಕೊಂಡಿರುತ್ತೇನೆ. ಗೋಕಾಕದ ತುಂಬ ನನ್ನ ಹೆಸರು ಕೀಲಿ ಕಾಕಾ. ನಮ್ಮ ಅತ್ತೆಯಂತೂ ಬೀಗರ ಮುಂದೆ, “ನಮ್ಮ ಅಳಿಯಾ ದವಾಖಾನಿ ಕಾಯ್ತಾನ” ಅನ್ನುತ್ತಾರೆ. ತಪ್ಪೆಂದು ಹೇಳಲೂ ಬರುವುದಿಲ್ಲ.

ರಾಜ್ಯ ಒಂದಾದ ಮೇಲೆ ನಮ್ಮಂಥವರಿಗೆ ಪೇಚಾಯಿತು. ಮುಂಬಯಿ ಸರಕಾರದಲ್ಲಿ ಸೇರಿದ ನಮ್ಮನ್ನು ಮೈಸೂರು ಸರಕಾರದ ಪಟ್ಟಿಯಲ್ಲಿ ಎಲ್ಲಿ ಕೂರಿಸಬೇಕೆಂಬುದು ಯಾರಿಗೂ ತಿಳಿಯದು. ಕೊನೆಗೆ ಹುಕುಂ ಬಂತು: ಬೆಳಗಾವಿಯಲ್ಲಿ ಸ್ಟೋರ್‌ಕೀಪರರಿಗೆ ತರಗತಿ, ಪಾಸಾದವರು ಕಾಯಂ, ಉಳಿದವರ ವಿಚಾರ ಮುಂದೆ ನೋಡೋಣ. “ಮುಂದೆ ನೋಡೋಣ” ಅಂದರೆ ಜವಾನನ ಸ್ಟೂಲೆಂದು ಎಲ್ಲರಿಗೂ ಗೊತ್ತು. ಈ ವಯಸ್ಸಿನಲ್ಲಿ ಬೆಂಚಿನ ಮೇಲೆ ಕುಳಿತೆ. ಹಳೆಯ ಮಾಲು ಮೊದಲು ಹೊರಗೆ ಹೋಗಬೇಕು, ವಿಷಕ್ಕೆ ಬೇರೆ ಕೀಲಿ ಬೇಕು, ಪುಡಿಯ ಡಬ್ಬಿ ಗೋಡೆಗೆ ತಾಗಬಾರದು ಎಂದು ಕಲಿಸಿದರು. ನಾನು ಮಾಡುತ್ತ ಬಂದದ್ದಕ್ಕೆ ಒಂದು ಶಾಸ್ತ್ರವೇ ಇದೆಯಲ್ಲ ಎಂದು, ಖರೆ ಹೇಳುತ್ತೇನೆ, ಕಣ್ಣು ಹನಿಗೂಡಿತು.

ತೊಡಕಾದದ್ದು ಕೈಗಡದ ವಿಷಯ. ಮನೆಯಲ್ಲಿ ಸಕ್ಕರೆ ತೀರಿದರೆ ವಾಟಿ ಹಿಡಿದು ಬಾಜೂ ಮನೆಗೆ ಹೋಗುತ್ತೇವಲ್ಲ, ಹಾಗೆಯೇ ಗೋಕಾಕ, ಮೂಡಲಗಿ, ಹುಕ್ಕೇರಿಯ ನಾವು ಮೂವರು ಸ್ಟೋರ್‌ಕೀಪರರು ಒಬ್ಬರಿಗೊಬ್ಬರು ಆಗುತ್ತೇವೆ. ಬಸ್ಸಿನ ಕಂಡಕ್ಟರನ ಕೈಯಲ್ಲಿ ಸುದ್ದಿ ಹೋಗುತ್ತದೆ, ಅವನ ಕೈಯಲ್ಲೇ ಮಾಲು ಬರುತ್ತದೆ. ಕಾಯಿದೆಯಲ್ಲಿ ಇದು ತಪ್ಪು. ಮೇಲಿನವರಿಗೆ ಬರೆಯಬೇಕು, ಒಪ್ಪಿಗೆ ಬರುವ ತನಕ ಕಾಯಬೇಕು.

ಪರೀಕ್ಷೆ ಬಾಯಿಮಾತಿನದು. ನನ್ನ ಹೆಂಡತಿ ಶಾಂತವ್ವ ರೊಟ್ಟಿ ಬಡಿಯುತ್ತಲೇ ತಾಲೀಮು ಕೊಟ್ಟಳು.

“ಸಿರಿಂಜ್ ತೀರಿದ್ರ ಏನ ಮಾಡ್ತೀರಿ?”

“ಹುಕ್ಕೇರಿ ಬಾಳಪ್ಪಗ ಹೇಳಿ ಕಳಸ್ತೇನಿ.”

“ಅಲ್ರಿ! ಮ್ಯಾಲಿನವರಿಗೆ ಬರದು ಕಾಯ್ತೇನಿ ಅನ್ರಿ.”

“ಅಲ್ಲೀತನಕ ಪೇಷಂಟ್ ಏನ ಮಾಡಬೇಕ?”

“ಪೇಷಂಟ್ ಪರೀಕ್ಷಾದಾಗ ಇಲ್ರಿ. ನೀವು ಅದೀರಿ.”

ಅವಳು ಹೇಳಿದಂತೆಯೇ ಪರೀಕ್ಷೆಯ ಸಾಹೇಬರ ಮುಂದೆ ಒಪ್ಪಿಸಿ, ಅವರಿಂದ ತಲೆದೂಗಿಸಿಕೊಂಡು ಹೊರಗೆ ಬಂದೆ. ನನ್ನ ಹಿಂದೆ ಮೂಡಲಗಿಯ ರಾಮಣ್ಣ ಒಳಗೆ ಹೋದ. ಮಾಲು ತೀರಿದರೆ ಏನು ಮಾಡುತ್ತೀರಿ ಎಂದದ್ದಕ್ಕೆ, “ಗೋಕಾಕದ ಅಣ್ಣಾರು ಅದಾರಲ್ರಿ” ಅಂದನಂತೆ. ಅವನ ಹಿಂದೆ ಬಾಳಪ್ಪ ಹೋಗಿ, “ಗೋಕಾಕದ ಅಣ್ಣಾರು ಎಂದೂ ಇಲ್ಲ ಅಂದಿಲ್ರಿ” ಅಂದನಂತೆ. ಹೊಗಳಿಕೆಗೆ ಹಸಿದವನಿಗೆ ಅದು ಸಿಕ್ಕಿದ್ದು ಎಂಥ ಜಾಗದಲ್ಲಿ ನೋಡಿ! ಸಾಹೇಬರು ನನ್ನನ್ನು ಮತ್ತೆ ಕರೆಸಿದರು. ಮೈಸೂರು ಕಡೆಯವರು, ಮಾತು ಮೆತ್ತಗೆ. “ಅವರಿಬ್ಬರಿಗೆ ಕಾಯಿದೆ ಗೊತ್ತಿಲ್ಲ, ಹೇಳಿಕೊಟ್ಟೆ, ಪಾಸು ಮಾಡಿದೆ. ನಿಮಗೆ ಗೊತ್ತಿದೆ. ಆದರೂ ನೀವು ಹೇಳೋದು ಒಂದು, ಮಾಡೋದು ಒಂದು. ಎರಡರಲ್ಲಿ ಯಾವುದು ನಿಮ್ಮ ಕೆಲಸ ಅಂತ ತೀರ್ಮಾನ ಮಾಡಿಕೊಂಡು ಮುಂದಿನ ತರಗತಿಗೆ ಬನ್ನಿ” ಅಂದರು. ಅಲ್ಲಿಯ ತನಕ ನಾನು ಹಂಗಾಮಿ.

ಆ ತೀರ್ಮಾನದ ಹೊತ್ತು ಇವತ್ತೇ ಬಂತು. ಮಮದಾಪುರದ ಕುರುಬನೊಬ್ಬ ಆಡುಗಳಿಗೆ ಸೊಪ್ಪು ಕಡಿಯಲು ಮರ ಹತ್ತಿ, ಬಿದ್ದು, ಕಾಲು ಮುರಿದುಕೊಂಡು ಚಕ್ಕಡಿಯಲ್ಲಿ ಬಂದ. ಡಾಕ್ಟರು ಪ್ಲಾಸ್ಟರ್ ಪುಡಿ ಕೇಳಿದರು. ಡಬ್ಬಿ ತೆಗೆದರೆ ಮಳೆಗಾಲದ ತೇವಕ್ಕೆ ಪುಡಿ ಕಲ್ಲಾಗಿದೆ. ಡಾಕ್ಟರು ಸದ್ಯಕ್ಕೆ ಕಾಲಿಗೆ ಹಲಗೆ ಕಟ್ಟಿದರು. ಕುರುಬನ ಹೆಂಡತಿ, “ಯಪ್ಪಾ, ಕಾಲು ಸೊಟ್ಟ ಆದ್ರ ಆಡು ಕುರಿ ಹಿಂದ ಹೋಗಾವ್ರು ಯಾರ್ರಿ?” ಅಂದಳು. ನಾನು ಕುಳಿತು ಮೇಲಿನವರಿಗೆ ಶುದ್ಧವಾಗಿ ಒಂದು ಅರ್ಜಿ ಬರೆದೆ. ಬರೆದ ಮಸಿ ಆರುವ ಮೊದಲೇ ಎದ್ದು, ಹುಕ್ಕೇರಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬಾಳಪ್ಪನಿಗೆ ಸುದ್ದಿ ಕಳಿಸಲು ಬಸ್ ಸ್ಟ್ಯಾಂಡಿಗೆ ಓಡಿದೆ. ಈ ಸುದ್ದಿ ಬೆಳಗಾವಿ ಮುಟ್ಟಿದರೆ ಮುಂದಿನ ಸಲವೂ ನಪಾಸು ಎಂದು ಗೊತ್ತಿದ್ದರೂ ಕಾಲು ನಿಲ್ಲಲಿಲ್ಲ.

ಸಂಜೆಯ ಬಸ್ಸಿಗೆ ಬಾಳಪ್ಪ ತಾನೇ ಇಳಿದ, ಕೋಟು ಹಾಕಿಕೊಂಡು, ಬಗಲಲ್ಲಿ ಚೀಲ.

“ಕಾಗದಾ ಎಲ್ಲೈತ್ರಿ ಅಣ್ಣಾರ? ನಾ ಈಗ ಪಾಸಾದಂವ. ಒಪ್ಪಿಗಿ ಇಲ್ಲದ ಡಬ್ಬಿ ಕೊಡಂಗಿಲ್ಲ.”

“ಮತ್ತ ಇಷ್ಟು ದೂರ ಯಾಕ ಬಂದಿಯೋ?”

“ಕೊಡಂಗಿಲ್ಲ ಅಂತ ಹೇಳಾಕ ಬಂದೇನಿ. ಮಂದಿ ಊರಿಗೆ ಬರೂಮುಂದ ಬರಿಗೈಲೆ ಹ್ಯಾಂಗ ಬರೂದ್ರಿ?”

ಅಂದವನೇ ಡಬ್ಬಿಯನ್ನು ಡಾಕ್ಟರ ಮೇಜಿನ ಮೇಲಿಟ್ಟು, ತನಗೇನೂ ಗೊತ್ತಿಲ್ಲದವನಂತೆ ಕಿಟಕಿಯಾಚೆ ನೋಡುತ್ತ ನಿಂತ.

ಪ್ಲಾಸ್ಟರ್ ಕೂತಿತು. ಕಾಲು ನೆಟ್ಟಗಾಗುತ್ತದೆ ಎಂದರು ಡಾಕ್ಟರು. ಕುರುಬನ ಹೆಂಡತಿ ಅವರ ಕಾಲಿಗೆ ಬಿದ್ದಳು. ಕೋಟು ನೋಡಿ ಇವರು ಇನ್ನೂ ದೊಡ್ಡ ಡಾಕ್ಟರೆಂದುಕೊಂಡು ಬಾಳಪ್ಪನ ಕಾಲಿಗೂ ಬಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು. ನಾನು ಬೇಡ ಬೇಡ ಅನ್ನಲು ಎರಡು ಹೆಜ್ಜೆ ಹಿಂದೆ ಸರಿದೆ. “ಕಾಕಾ, ಆ ಬಾಗಿಲಾ ಸ್ವಲ್ಪ ಮುಂದ ಮಾಡ್ರಿ, ಗಾಳಿ ಬರಾಕತ್ತೈತಿ” ಅಂದಳು. ಬಾಗಿಲೆಳೆದು ಮುಂದೆ ಮಾಡಿದೆ.

ಬಾಳಪ್ಪನಿಗೆ ತಿರುಗಿ ಹೋಗಲು ಬಸ್ಸಿರಲಿಲ್ಲ. ನಮ್ಮಲ್ಲೇ ಉಂಡ: ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು. ಕೆನೆ ಇದ್ದ ಭಾಗವನ್ನು ಶಾಂತವ್ವ ಪಾಸಾದವನಿಗೆ ಬಡಿಸಿದಳು. ನನ್ನ ಹಾಸಿಗೆಯಲ್ಲಿ ಅವನು ಎಲ್ಲರಿಗಿಂತ ಮೊದಲು ನಿದ್ದೆ ಹೋದ, ಆಮೇಲೆ ಒಳಕೋಣೆಯಲ್ಲಿ ಶಾಂತವ್ವ. ನಾನು ಚಾಪೆಯ ಮೇಲಿದ್ದೆ. ಮೇಲಿನವರಿಗೆ ಬರೆಯುವುದನ್ನು ಹಗಲೇ ಬರೆದಾಗಿತ್ತು. ಇನ್ನು ಕಾಯಿದೆ ಪ್ರಕಾರ ಒಪ್ಪಿಗೆಗೆ ಕಾಯುತ್ತ ಮಲಗಿದೆ.