ಟಿಕೆಟ್ ಇಲ್ಲದ ಮೆಣಸಿನಕಾಯಿ

ನಮ್ಮ ದೊಡ್ಡಪ್ಪನವರು ತಮ್ಮ ನೆರಳನ್ನು ಸಹ ಟಿಕೆಟ್ ಕೇಳದೆ ಜೊತೆಗೆ ಕರೆದೊಯ್ಯುವವರಲ್ಲ! ಇದು ಉತ್ಪ್ರೇಕ್ಷೆಯೆಂದು ಯಾರಾದರೂ ಆಕ್ಷೇಪಿಸಿದರೆ ಅರ್ಧದಷ್ಟನ್ನು ಹಿಂತೆಗೆದುಕೊಳ್ಳಲು ನಾನು ಸಿದ್ಧ. ಉಳಿದರ್ಧಕ್ಕೆ ನಮ್ಮ ದೊಡ್ಡವ್ವನೇ ಸಾಕ್ಷಿ. ದೊಡ್ಡಪ್ಪನವರು ರಾಣೆಬೆನ್ನೂರಿನಲ್ಲಿ ಬಸ್ಸುಗಳ ಚೆಕಿಂಗ್ ಇನ್ಸ್‌ಪೆಕ್ಟರ್ ಆಗಿದ್ದ ಕಾಲದಲ್ಲಿ, ಆಕೆ ಒಮ್ಮೆ ತವರಿಗೆ ಹೊರಟಿದ್ದ ಬಸ್ಸನ್ನು ಯಾರೋ ನಡುದಾರಿಯಲ್ಲಿ ಕೈಮಾಡಿ ನಿಲ್ಲಿಸಿದರು. ಹತ್ತಿದವರು ಸಾಕ್ಷಾತ್ ಪತಿದೇವರು! ಆಕೆ ಸೆರಗು ಸರಿಪಡಿಸಿಕೊಂಡು ಮುಗುಳ್ನಕ್ಕರೆ, ಅವರು ಕೈ ಚಾಚಿ “ಟಿಕೀಟು?” ಎಂದರಂತೆ.

“ತೋರಿಸಿದ್ನೆಪಾ,” ಎಂದು ದೊಡ್ಡವ್ವ ಈಗಲೂ ಹೇಳುತ್ತಾಳೆ. “ಹಿಂದ ಮುಂದ ಹೊಳ್ಳಿಸಿ ಹೊಳ್ಳಿಸಿ ನೋಡಿದ್ರು. ಮದುವ್ಯಾಗ ನನ್ನ ಮಾರೀನೂ ಅಷ್ಟು ನೋಡಿರಲಿಲ್ಲ!”

ನಿವೃತ್ತಿಯೆಂಬುದು ಅವರ ಮಟ್ಟಿಗೆ ಕಾಗದಪತ್ರಗಳಲ್ಲಿ ಮಾತ್ರ ಸಂಭವಿಸಿತು. ಹಾವೇರಿಯ ಮನೆಯಲ್ಲಿ ಊಟಕ್ಕೆ ಕುಳಿತರೆ ರೊಟ್ಟಿಯ ಬುಟ್ಟಿಯ ಮೇಲೂ ತಪಾಸಣೆ. “ಹದಿನಾಲ್ಕು ಹತ್ತಿದ್ವು. ಹನ್ನೊಂದು ಇಳದಾವ. ಬುಟ್ಟ್ಯಾಗ ಎರಡ ಅದಾವ. ಇನ್ನೊಂದು ಎಲ್ಲಿ?” ಎಲ್ಲರೂ ಗಾಬರಿಯಿಂದ ಹುಡುಕುತ್ತಿದ್ದೆವು. ಆ ಇನ್ನೊಂದು ಬಹುತೇಕ ಅವರ ಕೈಯಲ್ಲಿಯೇ ಇರುತ್ತಿತ್ತು.

ಇಂಥವರ ಪಡಸಾಲೆಯಲ್ಲಿ ಕುಳಿತು ನಾನು ಸ್ವತಂತ್ರ ವೆಬ್ ಡಿಸೈನರ್ ಆಗಲು ಹೊರಟೆ ಎಂದರೆ ನನ್ನ ಧೈರ್ಯವನ್ನು ಮೆಚ್ಚಬೇಕೋ, ಬುದ್ಧಿಯನ್ನು ಶಂಕಿಸಬೇಕೋ? ಇಸವಿ ಎರಡು ಸಾವಿರ ದಾಟಿ ನಾಲ್ಕೈದು ವರ್ಷಗಳಾಗಿದ್ದವು. ನಮ್ಮ ವಂಶದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಆದ್ದರಿಂದ ನಾನು ಏನು ಹೇಳಿದರೂ ಮನೆಯವರು ಮೊದಲು ನಂಬುತ್ತಿದ್ದರು, ಆಮೇಲೆ ಹೆದರುತ್ತಿದ್ದರು. ಹುಬ್ಬಳ್ಳಿಯಲ್ಲಿ ಆರು ತಿಂಗಳು ಕಲಿತು ಬಂದು, ಹಳೆಯ ಕಂಪ್ಯೂಟರ್ ಒಂದನ್ನು ಕೊಂಡಿದ್ದೆ. ಅಗಡಿಯ ನಮ್ಮ ಮನೆಯಲ್ಲಿ ಫೋನಿರಲಿಲ್ಲ, ದೊಡ್ಡಪ್ಪನವರ ಮನೆಯಲ್ಲಿತ್ತು. ಇಷ್ಟೇ ಕಾರಣ.

ಇತ್ತ ಊರಿನ ಸಹಕಾರಿ ಸಂಘದಲ್ಲಿ ಗುಮಾಸ್ತನ ಜಾಗ ಖಾಲಿಯಿತ್ತು. ನನ್ನ ಹೆಸರಿಗೆ ಅದನ್ನು ಯುಗಾದಿಯವರೆಗೆ ಹಿಡಿದಿಟ್ಟಿದ್ದರು. ನಮ್ಮಪ್ಪ ಒಕ್ಕಲುತನದವನು, ಕಾಣುವ ಬೆಳೆಯನ್ನು ನಂಬಿದವನು. ಆತ ಅಣ್ಣನ ಎದುರು ಕುಳಿತು ಒಂದೇ ಮಾತು ಹೇಳಿದ: “ಅಣ್ಣಾ, ಇವ ಮಾಡಾಕತ್ತಿದ್ದು ಖರೇನ ಕೆಲಸ ಹೌದೋ, ಸುಮ್ನ ಟೀವಿ ನೋಡಾಕತ್ತಾನೋ, ನೀನ ನೋಡಿ ಹೇಳು. ನೀ ಹೂಂ ಅಂದ್ರ ಹೂಂ. ಊಹೂಂ ಅಂದ್ರ ಸಂಘ.”

ಹೀಗೆ ನನ್ನ ಭವಿಷ್ಯವು, ಹೆಂಡತಿಯ ಟಿಕೆಟ್ಟನ್ನೇ ಹೊಳ್ಳಿಸಿ ನೋಡಿದ ಮನುಷ್ಯನ ಕೈ ಸೇರಿತು. ವಿಚಾರಣೆ ಅಂದೇ ಆರಂಭ.

“ಆಫೀಸು ಎಲ್ಲೈತಿ?”

“ಇಲ್ಲೇ ಐತ್ರಿ ದೊಡ್ಡಪ್ಪಾ.”

“ಸಾಹೇಬ ಯಾರು?”

“ಯಾರೂ ಇಲ್ರಿ. ನಾನಽ.”

“ಸಾಹೇಬ ಇಲ್ಲದ ನೌಕರಿ, ಡ್ರೈವರ್ ಇಲ್ಲದ ಬಸ್ಸು, ಎರಡೂ ಇಳಿಜಾರು ಇದ್ದಲ್ಲಿ ಅಷ್ಟ ಓಡತಾವ,” ಎಂದು ಅವರು ನೋಟ್‌ಬುಕ್ಕಿನಲ್ಲಿ ಏನನ್ನೋ ಬರೆದುಕೊಂಡರು. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿಯಿದ್ದ ಪೆನ್ಸಿಲ್ಲಿನ ಕೆಂಪು ತುದಿಯಿಂದ ಬರೆದರೆಂಬುದನ್ನು ನಾನು ಗಮನಿಸಿದೆ.

ಆ ಕಾಲದ ಇಂಟರ್ನೆಟ್ಟು ಫೋನಿನ ತಂತಿಯೊಳಗಿಂದ, ಕತ್ತು ಹಿಸುಕಿದ ಕೋಳಿಯಂತೆ ಕಿರುಚಿಕೊಂಡು ಬರುತ್ತಿತ್ತು. ಮೊದಲ ಕಿರುಚಾಟಕ್ಕೇ ದೊಡ್ಡಪ್ಪನವರು ಓಡಿ ಬಂದರು.

“ಯಾರದು ಒದರೂದು?”

“ನಮ್ಮ ಕಂಪ್ಯೂಟರು ಇನ್ನೊಂದು ಕಂಪ್ಯೂಟರಿನ ಜೋಡಿ ಮಾತಾಡಾಕತ್ತೈತ್ರಿ.”

“ಏನಂತ?”

“ಅದು ನಮಗ ತಿಳಿಯೂದಿಲ್ರಿ.”

“ತಿಳೀಲಾರದ ಮಾತು ನನ್ನ ಫೋನಿನ್ಯಾಗ ಯಾಕ? ಮುಚ್ಚಿಡೂದು ಇದ್ದಾವರಷ್ಟ ಹಂಗ ಮಾತಾಡ್ತಾರ!” ಅಂದಿನಿಂದ ಮೋಡೆಮ್ ಕಿರುಚಿದಾಗಲೆಲ್ಲ ಕುರ್ಚಿ ಎಳೆದುಕೊಂಡು ಕಿವಿಗೊಟ್ಟು ಕೂಡ್ರುವುದು ಅವರ ವಾಡಿಕೆಯಾಯಿತು. ಒಂದು ದಿನ ಗಂಭೀರವಾಗಿ ಎಚ್ಚರಿಸಿದರು: “ಇವತ್ತ ಬ್ಯಾರೆ ಏನೋ ಹೇಳಿತು. ನಿನ್ನೆ ಕಡೀಗೆ ಎರಡ ಸಲ ಕೆಮ್ಮಿತ್ತು.”

ಇನ್ನು ಅವರ ಹಠಾತ್ ತಪಾಸಣೆ! “ಸಂತಿಗೆ ಹೊಂಟೆ” ಎಂದು ಓಣಿಗೆಲ್ಲ ಕೇಳುವಂತೆ ಕೂಗಿ ಮುಂಬಾಗಿಲಿನಿಂದ ಹೊರಬೀಳುವರು. ಐದು ನಿಮಿಷದಲ್ಲಿ ಹಿತ್ತಲ ಬಾಗಿಲಿನಿಂದ ಬೆಕ್ಕಿನಂತೆ ಒಳಬರುವರು. ಅಷ್ಟರಲ್ಲಿ ನನಗೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಕೆಲಸ ಕೊಟ್ಟಿದ್ದರು. ಹೊರ ರಾಜ್ಯದ ಗಿರಾಕಿಗಳು “ನಿಮ್ಮ ವೆಬ್‌ಸೈಟ್ ಯಾವುದು?” ಎಂದು ಪದೇ ಪದೇ ಕೇಳಿ ಅವರ ಮಾನ ತೆಗೆದಿದ್ದರಂತೆ. ಪುಟದ ಹಿನ್ನೆಲೆಗೆ ಯಾವ ಕೆಂಪು ಒಪ್ಪುವುದೆಂದು ನಾನು ತೆರೆಯನ್ನೇ ದಿಟ್ಟಿಸುತ್ತಿರುವಾಗ ಬೆನ್ನ ಹಿಂದಿನಿಂದ ದನಿ ಬಂತು:

“ಅರ್ಧ ತಾಸಾತು, ಬರೇ ಕೆಂಪು ನೋಡಾಕತ್ತೀ. ಮೆಣಸಿನಕಾಯಿ ಕೆಂಪಗಿರತೈತಿ ಅಂತ ತೊಟ್ಟಿಲ ಕೂಸಿಗೂ ಗೊತ್ತೈತಲೇ!”

ಸಂಶಯವು ಸಾಂಕ್ರಾಮಿಕವೆಂಬುದು ನನಗೆ ಆಗ ಮನದಟ್ಟಾಯಿತು. ಕ್ರಮೇಣ ನಾನೂ ಅವರನ್ನು ಶಂಕಿಸತೊಡಗಿದೆ. ನೋಟ್‌ಬುಕ್ಕಿನಲ್ಲಿ ಏನಿದೆ? ಸಂಘದವರೊಡನೆ ಗುಟ್ಟಾಗಿ ಮಾತಾಗಿದೆಯೆ? ಕೊನೆಗೆ ನನ್ನನ್ನು ನಾನೇ ಶಂಕಿಸಿದೆ: ಮುಂಜಾನೆಯಿಂದ ಸಂಜೆಯವರೆಗೆ ಕೆಂಪು ನೋಡುವುದು ನಿಜಕ್ಕೂ ಉದ್ಯೋಗವೆ?

ಯುಗಾದಿ ಹತ್ತಿರವಾಯಿತು. ಮುಂದಿನ ಸೋಮವಾರ ವ್ಯಾಪಾರಿಗೆ ಅವರ ಅಂಗಡಿಯಲ್ಲಿಯೇ ಸೈಟನ್ನು ತೋರಿಸಬೇಕಿತ್ತು. ಅಪ್ಪನೂ ಅಲ್ಲಿಗೇ ಬರುವವನಿದ್ದ. ಬುಧವಾರ ದೊಡ್ಡಪ್ಪನವರು ಕನ್ನಡಕ ಒರೆಸಿಕೊಂಡು ಬಂದು, “ಏಳು. ನಿನ್ನ ಗಾಡಿ ಚೆಕ್ ಮಾಡ್ತೇನಿ,” ಎಂದರು.

ಮೌಸನ್ನು ಹೇಗೆ ಹಿಡಿಯಬೇಕೆಂದು ತೋರಿಸಿದೆ. ಅವರು ಪ್ರತಿಯೊಂದು ಕೊಂಡಿಯನ್ನೂ ಒತ್ತಿದರು. ಒಂದನ್ನೂ ಬಿಡಲಿಲ್ಲ.

“ಬೋರ್ಡು ‘ಸಂಪರ್ಕಿಸಿ’ ಅಂತ ಐತಿ. ಒತ್ತಿದ್ರ ಚಿತ್ರಕ್ಕ ಹೋಗತೈತಿ. ಬ್ಯಾಡಗಿ ಬೋರ್ಡು ಹಾಕಿ ಮಂದೀನ ಶಿಗ್ಗಾಂವ್ಯಾಗ ಇಳಸ್ತಿಯೇನು?”

ಬರೆದುಕೊಂಡರು.

“ಇಲ್ಲಿ ‘ನಮ್ಮಲ್ಲಿ ಐದು ಬಗೆ’ ಅಂತ ಬರದೀ. ಕೆಳಗ ನಾಲ್ಕ ಕುಂತಾವ. ಐದನೇದು ನಡುದಾರ್ಯಾಗ ಎಲ್ಲಿ ಇಳೀತು?”

ಬರೆದುಕೊಂಡರು.

“ಈ ಪುಟಕ್ಕ ಬಂದ್ರ ಹೊಳ್ಳಿ ಹೋಗಾಕ ದಾರೀನ ಇಲ್ಲ. ಒಯ್ದ ಬಸ್ಸು ತಿರುಗಿ ತಂದು ಬಿಡಬೇಕಲೇ!”

ಒಟ್ಟು ಹನ್ನೊಂದು ತಪ್ಪುಗಳು. ಹುಬ್ಬಳ್ಳಿಯ ನನ್ನ ಗುರುಗಳೂ ಇಷ್ಟು ಹಿಡಿಯುತ್ತಿರಲಿಲ್ಲ. ಇವೆಲ್ಲ ನನ್ನ ಮೇಲಿನ ಆರೋಪಪಟ್ಟಿಗೆಂದು ಒಳಗೊಳಗೇ ಕುದಿಯುತ್ತಿರುವಾಗ, ಅವರು ಮುಖಪುಟದ ದೊಡ್ಡ ಚಿತ್ರದ ಮೇಲೆ ಕಣ್ಣು ನೆಟ್ಟರು. ರಾಶಿ ಮೆಣಸಿನಕಾಯಿ; ಹೊಳೆಯುವ, ಮೋಹಕ ಚಿತ್ರ. ಕನ್ನಡಕ ತೆರೆಗೆ ತಾಗುವಷ್ಟು ಬಗ್ಗಿದರು.

“ಈ ಕಾಯಿ ಎಲ್ಲಿ ಹತ್ತಿತು?”

“ಬ್ಯಾ… ಬ್ಯಾಡಗ್ಯಾಗ್ರಿ.”

“ಸುಳ್ಳು. ಬ್ಯಾಡಗಿ ಕಾಯಿಗೆ ಮೈತುಂಬ ಸುಕ್ಕಿರತಾವ, ನಿಮ್ಮ ದೊಡ್ಡವ್ವನ ಕೈ ಇದ್ದಂಗ. ಇದು ನುಣ್ಣಗೈತಿ.”

“ನನ್ನ ಕೈ ಸುದ್ದಿ ಯಾಕ ಬಂತಲ್ಲಿ?” ಎಂದು ಅಡುಗೆಮನೆಯಿಂದ ದೊಡ್ಡವ್ವ.

ನಾನು ಒಪ್ಪಿಕೊಂಡೆ. ಯಾವುದೋ ಪರದೇಶದ ಸೈಟಿನಿಂದ ಇಳಿಸಿಕೊಂಡ ಚಿತ್ರವದು.

“ಅವರನ್ನ ಕೇಳಿ ತಗೊಂಡಿ?”

“ಇಲ್ರಿ.”

ಅವರು ಬೈಯಲಿಲ್ಲ. ಕೆಂಪು ತುದಿಯಿಂದ “ಟಿಕೆಟ್ ಇಲ್ಲದ್ದು – ಒಂದು” ಎಂದು ಬರೆದು ಎದ್ದುಹೋದರು. ಬೈದಿದ್ದರೆ ಚೆನ್ನಾಗಿತ್ತು. ನಮ್ಮ ಮನೆತನದವರು ಯಾರೂ ಹತ್ತದ ಬಸ್ಸಿನಲ್ಲಿ ನಾನೊಬ್ಬನೇ ಕುಳಿತಿದ್ದೆ. ಯಾರಾದರೂ ಬಂದು “ಇದು ನಿನ್ನ ಜಾಗವಲ್ಲ, ಇಳಿ” ಎಂದಾರೆಂಬ ಅಳುಕು ಕಾಲೇಜಿನ ಮೊದಲ ದಿನದಿಂದಲೂ ಇತ್ತು. ಈಗ ನಾನೇ ಅದಕ್ಕೆ ಪುರಾವೆ ಒದಗಿಸಿದಂತಾಗಿತ್ತು. ಹನ್ನೊಂದು ತಪ್ಪುಗಳನ್ನು ಸಂಜೆಯೊಳಗೆ ತಿದ್ದಿದೆನಾದರೂ ಆ ಒಂದಕ್ಕೆ ಏನು ಮಾಡಬೇಕೆಂದು ತೋಚಲಿಲ್ಲ.

ಮರುದಿನ ಮುಂಜಾನೆ ದೊಡ್ಡಪ್ಪನವರೇ ನನ್ನನ್ನು ಎಬ್ಬಿಸಿದರು. “ಲಗೂ ಏಳು. ಇವತ್ತ ಗುರುವಾರ, ಬ್ಯಾಡಗಿ ಮಾರ್ಕೆಟ್ಟು. ಕ್ಯಾಮೆರಾ ಯಾರ ಕಡೆ ಐತಿ?”

ಗೆಳೆಯನ ಸ್ಟುಡಿಯೋದಿಂದ ಕ್ಯಾಮೆರಾ ಎರವಲು ತಂದೆ. ಮಾರುಕಟ್ಟೆಯ ಅಂಗಳದಲ್ಲಿ ನೆಲವೇ ಕಾಣದಷ್ಟು ಚೀಲಗಳು. ಘಾಟು ಎಂಥದೆಂದರೆ, ಮೊದಲ ಇಪ್ಪತ್ತು ಚಿತ್ರಗಳಲ್ಲಿ ಮೆಣಸಿನಕಾಯಿಗಿಂತ ನನ್ನ ಸೀನೇ ಸ್ಪಷ್ಟವಾಗಿ ಮೂಡಿತ್ತು! ದೊಡ್ಡಪ್ಪನವರು ಮೂಗಿಗೆ ಟವೆಲ್ ಕಟ್ಟಿಕೊಂಡು, ಪ್ರತಿ ಚೀಲದ ಒಡೆಯನ ಮುಂದೆಯೂ ನಿಂತು, “ನಿಮ್ಮ ಕಾಯಿ ಫೋಟೋ ತಗೀಲೇನ್ರಿ?” ಎಂದು ಕೇಳಿ, ಅವನು ಹೂಂ ಎಂದ ಮೇಲಷ್ಟೇ ಚೀಲದ ಬಾಯಿ ಅಗಲಿಸಿ ಹಿಡಿಯುತ್ತಿದ್ದರು. ಹೀಗೆ ಎರಡು ತಾಸು.

ಸೋಮವಾರ ವ್ಯಾಪಾರಿಯ ಅಂಗಡಿಯಲ್ಲಿ ನಾವು ನಾಲ್ವರು: ವ್ಯಾಪಾರಿ, ಅಪ್ಪ, ದೊಡ್ಡಪ್ಪನವರು, ಬೆವರುತ್ತಿದ್ದ ನಾನು. ಅಂಗಡಿಯ ಕಂಪ್ಯೂಟರಿನಲ್ಲಿ ಮುಖಪುಟ ತೆರೆಯುತ್ತಲೇ ವ್ಯಾಪಾರಿ ಕೂಗಿದರು: “ಇದು ನಮ್ಮ ಅಂಗಡೀ ಕಾಯಿ! ಸುಕ್ಕು ನೋಡ್ರಿ, ಸುಕ್ಕು!” ಮರುಕ್ಷಣವೇ ನನ್ನತ್ತ ತಿರುಗಿ ಹುಬ್ಬು ಗಂಟಿಕ್ಕಿದರು. “ಇಷ್ಟೆಲ್ಲಾ ನೀ ಒಬ್ಬನ ಮಾಡಿದಿ? ಖರೇ ಹೇಳ, ಹಿಂದ ಹುಬ್ಬಳ್ಳಿ ಕಂಪನಿ ಯಾವುದರ ಐತೇನು?”

ಅಪ್ಪ ಅವರನ್ನೂ ನನ್ನನ್ನೂ ಬಿಟ್ಟು ಅಣ್ಣನ ಮುಖ ನೋಡಿದ. “ಅಣ್ಣಾ?”

ದೊಡ್ಡಪ್ಪನವರು ನೋಟ್‌ಬುಕ್ ತೆರೆದು, ಗಂಟಲು ಸರಿಪಡಿಸಿಕೊಂಡರು.

“ತಪ್ಪು ಹನ್ನೊಂದು. ತಿದ್ದಿದ್ದು ಹನ್ನೊಂದು. ಟಿಕೆಟ್ ಇಲ್ಲದ್ದು ಒಂದು ಸಿಕ್ಕಿತ್ತು; ಎರಡ ತಾಸು ಸೀನಿ ದಂಡ ಕಟ್ಯಾನ.” ಪುಟ ಮುಚ್ಚಿದರು. “ಹಿಂದ ಕಂಪನಿ ಇಲ್ರಿ ಸಾವ್ಕಾರ್ರ. ದಿನಾ ಹಿಂದ ನಾನಽ ಇದ್ದೆ. ನಾ ಬಂದು ನಿಂತಿದ್ದೂ ಅವಗ ಗೊತ್ತಾಗತಿದ್ದಿಲ್ಲ, ಹಂಗ ದುಡದಾನ. ತಮ್ಮಾ, ಸಂಘದಾವ್ರಿಗೆ ಆ ಜಾಗ ಬ್ಯಾರೇದಾವ್ರಿಗೆ ಕೊಡ್ರಿ ಅಂತ ಹೇಳಿಬಿಡು.”

“ಹೂಂ,” ಎಂದ ಅಪ್ಪ. ಅಷ್ಟೇ ಅಂದ.

ಅಪ್ಪ ಅಗಡಿಯ ಕಡೆ ಹೊರಟ ಮೇಲೆ ನಾವಿಬ್ಬರೂ ಹಾವೇರಿಯ ಬಸ್ಸು ಹತ್ತಿದೆವು. ಕಿಟಕಿಯ ಪಕ್ಕ ಅವರು, ಅವರ ಪಕ್ಕ ನಾನು. ಧನ್ಯವಾದ ಹೇಳಬೇಕೆಂದು ಶುದ್ಧವಾದ ವಾಕ್ಯವೊಂದನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಅದು ಮುಗಿಯುವಷ್ಟರಲ್ಲಿ ಭುಜದ ಮೇಲೆ ಏನೋ ಭಾರವೆನಿಸಿತು. ದೊಡ್ಡಪ್ಪನವರ ತಲೆ. ಚಿಕ್ಕಂದಿನಿಂದ ಅವರೊಡನೆ ಎಷ್ಟೋ ಬಸ್ಸುಗಳಲ್ಲಿ ತಿರುಗಿದ್ದೇನೆ. ಬಸ್ಸಿನಲ್ಲಿ ಅವರು ಕಣ್ಣು ಮುಚ್ಚಿದ್ದನ್ನು ಒಮ್ಮೆಯೂ ಕಂಡಿರಲಿಲ್ಲ. ಬಾಯಿ ತುಸು ತೆರೆದಿತ್ತು. ಕನ್ನಡಕ ಜಾರಿತ್ತು, ಅದನ್ನು ಮೆಲ್ಲನೆ ತೆಗೆದು ಜೇಬಿಗಿಟ್ಟುಕೊಂಡೆ.

ಮೋಟೆಬೆನ್ನೂರಿನಲ್ಲಿ ಜನ ಹತ್ತಿದರು, ಇಳಿದರು. ಹತ್ತಿಳಿದವರನ್ನು ಆ ದಿನ ಯಾರೂ ಎಣಿಸಲಿಲ್ಲ. ಹಾವೇರಿ ಬರುವವರೆಗೂ ನಾನು ಭುಜವನ್ನು ಅಲುಗಿಸಲಿಲ್ಲ.