ನನ್ನ ಸೂಪು ಚೆನ್ನಾಗಾದ ದಿನ

ಹೆಂಡತಿಯ ನಾಲಿಗೆಗೆ ಹೆದರುವ ಗಂಡಂದಿರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಹೆಂಡತಿಯ ನಾಲಿಗೆಯಿಂದಲೇ ಹೊಟ್ಟೆ ತುಂಬುವ ಭಾಗ್ಯ ಮಾತ್ರ ನನ್ನಂಥ ಕೆಲವರದು. ನನ್ನವಳು ಚಹಾ ಕಂಪನಿಯಲ್ಲಿ ರುಚಿ ನೋಡುವ ಕೆಲಸದಲ್ಲಿದ್ದಾಳೆ. ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟಲುಗಳ ಸಾಲು. ಚಮಚದಲ್ಲಿ ಎತ್ತಿ ಸೊರ್ ಎಂದು ಹೀರಬೇಕು, ಬಾಯೊಳಗೆ ತಿರುಗಿಸಬೇಕು, ಪಕ್ಕದ ಪೀಕದಾನಿಗೆ ಉಗುಳಬೇಕು, ತೀರ್ಪು ಕೊಡಬೇಕು. ಮನೆಯಲ್ಲೂ ಅವಳು ತೀರ್ಪು ಕೊಡುತ್ತಾಳೆ (ಉಗುಳುವುದೊಂದನ್ನು ಅವಳ ಅಮ್ಮ ಬಿಡಿಸಿದ್ದಾರೆ). ನನ್ನದು ಮನೆಯ ಮುಂದಿನ ಕೋಣೆಯಲ್ಲಿ ಗಡಿಯಾರ ರಿಪೇರಿ. ಈಗಿನವರು ಗಡಿಯಾರ ಕೆಟ್ಟರೆ ನನ್ನ ಹತ್ತಿರ ಬರುವುದಿಲ್ಲ, ಫೋನು ನೋಡಿಕೊಳ್ಳುತ್ತಾರೆ. ಆದ್ದರಿಂದ ಯಜಮಾನ ನಾನಾದರೂ ಯಜಮಾನಿಕೆ ಅವಳದು.

ಅಂಥ ನಾಲಿಗೆ ಒಂದು ಜ್ವರಕ್ಕೆ ಸತ್ತುಹೋಯಿತು. ಜ್ವರವೇನೋ ಇಳಿಯಿತು, ರುಚಿ ಮಾತ್ರ ಮರಳಿ ಬರಲಿಲ್ಲ. ಉಪ್ಪೂ ಒಂದೇ, ಸಕ್ಕರೆಯೂ ಒಂದೇ. ಡಾಕ್ಟರು "ಬಂದರೂ ಬರಬಹುದು" ಎಂದರು. ಕಂಪನಿಯ ದೊಡ್ಡ ಸಾಹೇಬರು ಒಳ್ಳೆಯವರು. ರಜೆ ಕೊಟ್ಟು, ತಿಂಗಳ ಕೊನೆಯ ಸೋಮವಾರ ಬಂದು ಬಟ್ಟಲುಗಳ ಮುಂದೆ ನಿಲ್ಲಲಿ, ಆಗದಿದ್ದರೆ ಆಫೀಸಿನಲ್ಲಿ ಟಪಾಲು ನೋಡಿಕೊಳ್ಳುವ ಕುರ್ಚಿ ಖಾಲಿಯಿದೆ ಎಂದರು. ಕುರ್ಚಿಯ ಮಾತು ಕೇಳಿ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನನ್ನನ್ನು ಬೈಯುವುದನ್ನೂ ಬಿಟ್ಟಳು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಆ ಹೊತ್ತಿನಲ್ಲಿ ನನಗೆ ಜ್ಞಾನೋದಯವಾಯಿತು. ಏಷ್ಯಾ ಖಂಡದ ಸರಳ, ಸಾಂಪ್ರದಾಯಿಕ ಅಡುಗೆಗಳನ್ನು ಫೋನಿನಲ್ಲಿ ತೋರಿಸುತ್ತಾರಲ್ಲ, ಅದರಲ್ಲಿ ಯಾವುದೋ ದೇಶದ ಅಜ್ಜಿಯೊಬ್ಬರು ಶುಂಠಿ, ಬೆಳ್ಳುಳ್ಳಿ, ಹುಳಿ ಮೂರೂ ಸೇರಿದರೆ ಎಂಥ ಜಡ ನಾಲಿಗೆಯೂ ಏಳುತ್ತದೆ ಎಂದು ಹೇಳುತ್ತಿದ್ದರು. ಕೂದಲೆಳೆಯಂಥ ಸ್ಪ್ರಿಂಗನ್ನು ಉಸಿರು ಬಿಗಿಹಿಡಿದು ಕೂರಿಸುವ ಈ ಕೈಗೆ ಸೂಪು ಯಾವ ಲೆಕ್ಕ ಎಂದುಕೊಂಡು ಅಡುಗೆಮನೆಗೆ ಪಾದಾರ್ಪಣೆ ಮಾಡಿದೆ. ನಮ್ಮ ಜೊತೆಯಲ್ಲೇ ಇರುವ ಅತ್ತೆ ಹಿಂದೆಯೇ ಬಂದರು.

"ಅಳಿಯಂದಿರೇ, ಏನು ಹುಡುಕ್ತಿದ್ದೀರಿ?"

"ಬಾಣಲೆ."

"ನಿಮ್ಮ ಕೈಯಲ್ಲಿರೋದು ಏನು?"

"ಇದೇನಾ ಬಾಣಲೆ?"

ಅತ್ತೆ ಬೆಂಕಿಪೊಟ್ಟಣ ತಮ್ಮ ಕೈಗೆ ತೆಗೆದುಕೊಂಡರು. ಆಮೇಲೆ, "ಒಲೆ ಹಚ್ಚೋದಾದ್ರೂ ನಾನೇ ಹಚ್ಚಿಕೊಡ್ತೀನಿ, ನೀವು ಆ ಕಡೆ ಬನ್ನಿ" ಎಂದರು.

ಮೊದಲು ಚೀನಾದ ಅಕ್ಕಿ ಗಂಜಿ ಮಾಡಿದೆ. ಅದು ತಳ ಹಿಡಿಯಿತು. ಜಪಾನಿನ ಸೋಯಾ ಸಾರಿಗೆ ಕ್ರಮವಾಗಿ ಉಪ್ಪು ಹಾಕಿದೆ, ಸೋಯಾದಲ್ಲೇ ಉಪ್ಪಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಕೊರಿಯಾದವರ ಹಾಗೆ ಕೋಸನ್ನು ಹುಳಿ ಬರಿಸಲು ಭರಣಿಯಲ್ಲಿ ಬಿಗಿದು ಮುಂದಿನ ಕೋಣೆಯಲ್ಲಿಟ್ಟರೆ ಅದು ಮುಚ್ಚಳ ಹಾರಿಸಿತು. ಗಿರಾಕಿಯೊಬ್ಬರ ಗೋಡೆ ಗಡಿಯಾರದ ಲೋಲಕಕ್ಕೆ ಕೋಸಿನ ಎಲೆ ಸುತ್ತಿಕೊಂಡು ಗಡಿಯಾರ ನಿಂತೇ ಹೋಯಿತು. ಕೊನೆಗೆ ಥಾಯ್ಲೆಂಡಿನ ಕಡೆಯ ಶುಂಠಿ ನಿಂಬೆಯ ಸೂಪೊಂದನ್ನು ಹಿಡಿದು, ಅದನ್ನೇ ದಿನಾ ಮಾಡತೊಡಗಿದೆ. ಬೆಳ್ಳುಳ್ಳಿ ಕರಕಾದರೆ ಕರಕು ಚೂರುಗಳನ್ನು ಗಡಿಯಾರ ರಿಪೇರಿಯ ಚಿಮಟದಿಂದ ಹೆಕ್ಕಿ ತೆಗೆಯುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಒಲೆಯ ಉರಿ ಸರಿಯಿಲ್ಲ ಎಂದೂ ಹೇಳುತ್ತಿದ್ದೆ.

"ಹೇಗಿದೆ?" ಎಂದು ದಿನವೂ ಕೇಳುತ್ತಿದ್ದೆ.

"ಚೆನ್ನಾಗಿದೆ ರೀ" ಎಂದು ದಿನವೂ ಹೇಳುತ್ತಿದ್ದಳು.

ಅವಳಿಗೆ ರುಚಿಯೇ ತಿಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಮದುವೆಯಾದಾಗಿನಿಂದ ಕೇಳದ ಮಾತು ಕಿವಿಗೆ ಬಿದ್ದರೆ ಯಾವ ಗಂಡಸು ತಡೆದುಕೊಂಡಾನು? ಹೆತ್ತವರಿಗೆ ಹೆಗ್ಗಣ ಮುದ್ದು. ನಾನು ಹುಟ್ಟು ಬಾಣಸಿಗನೇ ಇರಬೇಕು ಎಂದು ನನಗೂ ಅನಿಸತೊಡಗಿತು. ಗಡಿಯಾರ ತಂದವರಿಗೆಲ್ಲ ಸೂಪಿನ ವಿಧಾನ ಹೇಳಿ ಕಳಿಸುತ್ತಿದ್ದೆ. (ಅವರಲ್ಲಿ ಕೆಲವರು ಗಡಿಯಾರ ಒಯ್ಯಲೂ ಮತ್ತೆ ಬಂದಿಲ್ಲ.) ನಾನೇಕೆ ಕುಡಿಯುತ್ತಿರಲಿಲ್ಲ ಎಂದು ಕೇಳಬೇಡಿ. ರೋಗಿಯ ಆಹಾರಕ್ಕೆ ಬಾಯಿ ಹಾಕಬಾರದು.

ಸೋಮವಾರಕ್ಕೆ ಇನ್ನು ಎರಡೇ ದಿನ ಇತ್ತು. ಮಧ್ಯಾಹ್ನ ಬಟ್ಟಲು ಕೊಟ್ಟೆ. ಅವಳು ಒಂದು ಚಮಚ ಬಾಯಿಗಿಟ್ಟಳು, ತಡೆದಳು, ಎದ್ದು ಹೋಗಿ ಸಿಂಕಿಗೆ ಉಗುಳಿದಳು. ತಿರುಗಿ ಬಂದಾಗ ಕಣ್ಣು ತುಂಬಿತ್ತು.

"ಥೂ" ಎಂದಳು. "ಉಪ್ಪು ಎರಡು ಸಲ ಹಾಕಿದ್ದೀರಿ. ಬೆಳ್ಳುಳ್ಳಿ ಸುಟ್ಟಿದೆ. ಶುಂಠಿ ಒಣಗಿ ನಾರಾಗಿದೆ. ನಿಂಬೆಹಣ್ಣು ಕುದಿಸಿ ಕಹಿ ಮಾಡಿದ್ದೀರಿ."

ಅತ್ತೆ ಓಡಿ ಬಂದು ಮಗಳನ್ನು ತಬ್ಬಿಕೊಂಡು ಅತ್ತರು. ಅವಳು ಮತ್ತೆ ಕೂತು ಆ ಬಟ್ಟಲನ್ನು ಪೂರ್ತಿ ಖಾಲಿ ಮಾಡಿದಳು. ಒಂದೊಂದು ಚಮಚಕ್ಕೆ ಒಂದೊಂದು ಹೊಸ ತಪ್ಪು.

"ಅಷ್ಟು ಕೆಟ್ಟದ್ದನ್ನ ಯಾಕೆ ತಿಂತೀಯೇ?" ಎಂದರು ಅತ್ತೆ.

"ಕೆಟ್ಟದ್ದು ಅಂತ ಗೊತ್ತಾಗ್ತಿದೆಯಲ್ಲಮ್ಮ."

ನನಗೂ ಅಳು ಬಂತು. ಸಂತೋಷಕ್ಕೋ ಅವಮಾನಕ್ಕೋ ನನಗೇ ತಿಳಿಯಲಿಲ್ಲ.

ಅವರ ಕಂಪನಿಯಲ್ಲಿ ಒಂದು ಪದ್ಧತಿಯಿದೆ. ದಿನದ ಮೊದಲ ಬಟ್ಟಲಿನಲ್ಲಿ, ಕೆಟ್ಟದ್ದೆಂದು ಎಲ್ಲರಿಗೂ ಗೊತ್ತಿರುವ ಚಹಾ ಇಡುತ್ತಾರೆ. ನಾಲಿಗೆ ಅದನ್ನು ಕೆಟ್ಟದ್ದು ಎಂದರೆ ಮಾತ್ರ ಆ ದಿನದ ಮಿಕ್ಕ ತೀರ್ಪುಗಳಿಗೆ ಬೆಲೆ. "ಸೋಮವಾರ ಬೆಳಿಗ್ಗೆ ನನಗೆ ಇದೇ ಸೂಪು ಮಾಡಿಕೊಡಿ" ಎಂದಳು. "ಕುಡಿದು ಧೈರ್ಯ ತಗೊಂಡು ಹೋಗ್ತೀನಿ. ಇದ್ದ ಹಾಗೇ ಇರ್ಲಿ ರೀ. ಒಂದು ಚೂರೂ ಸುಧಾರಿಸಬೇಡಿ."

ನಾನೂ ಮನುಷ್ಯ. ಅಷ್ಟು ದೊಡ್ಡ ಪರೀಕ್ಷೆಗೆ ಹೊರಟವಳ ಹೊಟ್ಟೆಗೆ ಗೊತ್ತಿದ್ದೂ ಕೆಟ್ಟದ್ದು ಹಾಕಲು ಮನಸ್ಸು ಬರಲಿಲ್ಲ. ಸೋಮವಾರ ಬೆಳಿಗ್ಗೆ ಎಳೆ ಶುಂಠಿ ತಂದೆ. ಬೆಳ್ಳುಳ್ಳಿಯ ಬಳಿಯೇ ನಿಂತು ಕಾದೆ. ಉಪ್ಪು ಒಂದೇ ಸಲ. ಒಲೆ ಆರಿಸಿದ ಮೇಲೆ ನಿಂಬೆರಸ. ಬಾಯಿಗೆ ಹಾಕಿ ನೋಡುವಷ್ಟೂ ಸಮಯವಿರಲಿಲ್ಲ, ಅವಳು ಆಗಲೇ ಸೀರೆ ಉಟ್ಟು ಮೇಜಿನ ಮುಂದೆ ಕೂತಿದ್ದಳು.

ಸೊರ್ ಎಂದು ಹೀರಿದಳು. ಬಾಯಲ್ಲಿ ತಿರುಗಿಸಿದಳು. ಉಗುಳಲಿಲ್ಲ, ನುಂಗಿದಳು. ಮುಖ ಬಿಳಿಚಿತು.

"ಚೆನ್ನಾಗಿದೆ" ಎಂದಳು, ಸಾವಿನ ಸುದ್ದಿ ಹೇಳುವ ಹಾಗೆ. "ಅಮ್ಮ, ಒಂದು ತಪ್ಪೂ ಗೊತ್ತಾಗ್ತಿಲ್ಲ. ಮತ್ತೆ ಹೋಯ್ತು ಕಣಮ್ಮ."

ಅತ್ತೆ ಚಮಚ ಕಿತ್ತುಕೊಂಡು ತಾವೂ ಕುಡಿದರು. "ಇಲ್ವೇ, ನಿಜವಾಗ್ಲೂ ಚೆನ್ನಾಗಿದೆ."

"ಸಮಾಧಾನಕ್ಕೆ ಸುಳ್ಳು ಹೇಳ್ಬೇಡ. ಇವರು ಮಾಡಿದ್ದು ಚೆನ್ನಾಗಿರೋಕೆ ಹೇಗಮ್ಮ ಸಾಧ್ಯ?"

"ನಾನೇ ಸುಧಾರಿಸಿದೆ ಕಣೇ" ಎಂದೆ. ಎಳೆ ಶುಂಠಿಯ ಸಿಪ್ಪೆಯನ್ನು ಸಾಕ್ಷಿಗೆ ತಂದು ತೋರಿಸಿದೆ. ಆಣೆ ಮಾಡಿದೆ. ನನ್ನ ಅಡುಗೆಯ ಪೂರ್ವಚರಿತ್ರೆ ಗೊತ್ತಿದ್ದ ಅವಳು ನಂಬಲಿಲ್ಲ. ಬಸ್ಸಿನ ಹೊತ್ತಾಗುತ್ತಿತ್ತು.

"ಹಾಗಾದ್ರೆ ಇದನ್ನೇ ಕೆಡಿಸಿ ತನ್ನಿ" ಎಂದಳು. "ಗೊತ್ತಾಗುತ್ತೋ ಇಲ್ವೋ ನೋಡ್ತೀನಿ."

ಬಟ್ಟಲಿನದನ್ನು ಪಾತ್ರೆಗೇ ಸುರಿದು ಉಪ್ಪು ಹಾಕಿದೆ, ಬೆಳ್ಳುಳ್ಳಿ ಸುಟ್ಟು ಹಾಕಿದೆ, ನಿಂಬೆಹಣ್ಣನ್ನು ಸಿಪ್ಪೆ ಸಮೇತ ಕುದಿಸಿದೆ. ಪಕ್ಕದಲ್ಲಿ ನಿಂತ ಅತ್ತೆ ರುಚಿ ನೋಡಿ, "ಇನ್ನೊಂದು ಚಮಚ ಉಪ್ಪು ಹಾಕಿ ಅಳಿಯಂದಿರೇ, ನಿಮ್ಮ ಮಾಮೂಲಿಗೆ ಇನ್ನೂ ಬಂದಿಲ್ಲ" ಎಂದರು.

ಅವಳು ಹೀರಿದಳು. ಸಿಂಕಿನವರೆಗೂ ಹೋಗಲಾಗದೆ ಕಿಟಕಿಯಿಂದ ಆಚೆ ಉಗುಳಿದಳು. "ಥೂ, ಇದು ನಿಮ್ದು" ಎಂದು ಮುಖವರಳಿಸಿ, ಚೀಲ ಎತ್ತಿಕೊಂಡು ಓಡಿದಳು.

ಸಂಜೆ ಬಂದವಳು ಚಪ್ಪಲಿ ಬಿಡುವ ಮೊದಲೇ, ಒಂದು ಬಟ್ಟಲೂ ತಪ್ಪಲಿಲ್ಲ, ಕೆಲಸ ಉಳಿಯಿತು ಎಂದಳು. ಅತ್ತೆ ಮತ್ತೆ ಅತ್ತರು. ಎಲ್ಲ ತಣ್ಣಗಾದ ಮೇಲೆ ನಾನು ಮೆಲ್ಲಗೆ ಕೇಳಿದೆ: "ಬೆಳಿಗ್ಗೆ ನಾನು ಮೊದಲು ಕೊಟ್ಟೆನಲ್ಲ, ಆ ಸೂಪು ಹೇಗಿತ್ತು? ನಾನು ರುಚಿ ನೋಡಿರಲಿಲ್ಲ."

ಅವಳು ಯೋಚಿಸಿದಳು. ನಾಲಿಗೆಯನ್ನು ಬಾಯೊಳಗೇ ಒಮ್ಮೆ ಹೊರಳಿಸಿದಳು.

"ಭಯದಲ್ಲಿ ಸರಿಯಾಗಿ ಗಮನಿಸಲಿಲ್ಲ ರೀ" ಎಂದಳು. "ಅಮ್ಮ, ನಿಂಗೆ ನೆನಪಿದೆಯಾ?"

"ಯಾವ ಸೂಪು?" ಎಂದರು ಅತ್ತೆ.