ಕಿವಿಯೋಲೆ ಹಾಕಿಸ್ಕೊಂಡ ಮನೆ

ಇಲ್ಲ ಕಣ್ರೀ, ಹಾಲು ಕೊಡಲ್ಲ. ತಗಡಿನ ಮನೆ ಅದು, ಎಲ್ಲಿಂದ ಕೊಟ್ಟಾತು. ಆದ್ರೆ ದಾಖಲೆ ಪ್ರಕಾರ ದಿನಕ್ಕೆ ಎಂಟು ಲೀಟರ್ ಕೊಡ್ತದೆ, ಸಂಜೆ ಹಾಲಲ್ಲಿ ಕೊಬ್ಬಿನಂಶ ಒಸಿ ಜಾಸ್ತಿ. ಇದರಲ್ಲಿ ನಗೋವಂಥದ್ದು ಏನೂ ಇಲ್ಲ. ಗಾವಡಗೆರೆ ಕೆಂಪಾಜಮ್ಮನ ಮನೆ ಮಿಶ್ರತಳಿ ಹಸು ಅಂತ 2001ನೇ ಇಸವಿ ಮಾರ್ಚ್ ಮೂವತ್ತರಂದು ಮೊಹರು ಬಿದ್ದದೆ. ಮೊಹರು ಬಿದ್ಮೇಲೆ ಮುಗೀತು.

ಕೆಂಪಾಜಮ್ಮ ನನಗೆ ಸೋದರತ್ತೆ. ಬಸ್ ನಿಲ್ಲೋ ಜಾಗದಲ್ಲಿ ಇಡ್ಲಿ ಹಾಕ್ತಾಳೆ. ಬಾಡಿಗೆ ಮನೆಯೋನು ತಿಂಗಳ ಕೊನೇಲಿ ಖಾಲಿ ಮಾಡು ಅಂದುಬುಟ್ಟ. ಅತ್ತೆ ಹತ್ರ ಇದ್ದದ್ದು ಒಂದು ಸೈಟು. ಇಟ್ಟಿಗೆ ಮನೆ ಕಟ್ಟೋಕೆ ಟೈಮೂ ಇಲ್ಲ, ದುಡ್ಡೂ ಇಲ್ಲ. ಅದಕ್ಕೆ ಮೈಸೂರಿಗೆ ಹೋಗಿ ಒಂದು ರೆಡಿಮೇಡ್ ಮನೆ ನೋಡ್ಕೊಂಡು ಬಂದ್ಲು: ಒಂದೇ ರೂಮು, ತಗಡಿನ ಗೋಡೆ, ತಗಡಿನ ಸೂರು, ಎರಡು ಕಿಟಕಿ, ನಾಲ್ಕು ಕಬ್ಬಿಣದ ಕಾಲು. ಹದಿನೆಂಟು ಸಾವಿರ. ಮೂರು ಸಾವಿರ ಮುಂಗಡ ಇಸ್ಕೊಂಡು ಕಂಪ್ನಿಯೋರು ಲಾರೀಲಿ ತಂದು ನಿಲ್ಲಿಸಿದ್ರು. ಮೂರು ದಿನದೊಳಗೆ ಬಾಕಿ ಬರದಿದ್ರೆ ಬಿಚ್ಕೊಂಡು ಹೋಯ್ತೀವಿ ಅಂತಲೂ ಅಂದ್ರು.

ಅತ್ತೆ ನನ್ನ ಕರ್ಕೊಂಡು ಬೆಳ್ಳಿಚುಕ್ಕಿ ಪತ್ತಿನ ಸಹಕಾರ ಸಂಘಕ್ಕೆ ಹೋದ್ಲು. ಕಾರ್ಯದರ್ಶಿ ನೀಲಕಂಠಸ್ವಾಮಿಯವರು ಪುಸ್ತಕ ತೆಗೆದು ಓದಿದ್ರು.

"ನಿಯಮ ಹದಿನಾಲ್ಕು. ಮನೆ ಎಂದರೆ ಪಾಯವುಳ್ಳದ್ದು. ಎತ್ತಿಕೊಂಡು ಹೋಗಬಹುದಾದ ಯಾವುದನ್ನೂ ಮನೆಯೆಂದು ಪರಿಗಣಿಸತಕ್ಕದ್ದಲ್ಲ."

ವಾಹನ ಸಾಲ ಕೊಡಿ ಅಂದೆ. ಇಂಜಿನ್ ಇಲ್ಲ ಅಂದ್ರು. ಅತ್ತೆ ಎದ್ದು ಸೆರಗು ಸಿಕ್ಕಿಸ್ಕೊಂಡ್ಲು. ಆಗ ನೀಲಕಂಠಸ್ವಾಮಿಯವರ ಕಣ್ಣು ಗೋಡೆ ಮೇಲಿನ ಬೋರ್ಡಿಗೆ ಹೋಯ್ತು. ಹೈನು ರಾಸು ಸಾಲ: ಗುರಿ ನಲವತ್ತು, ಸಾಧನೆ ಮೂವತ್ತೊಂಬತ್ತು. ಮಾರ್ಚ್ ಮುಗಿಯೋದರೊಳಗೆ ನಲವತ್ತನೇ ಹಸು ಸಿಗದಿದ್ರೆ ಅವರ ಇನ್‌ಕ್ರಿಮೆಂಟ್ ಕಟ್. ಪುಸ್ತಕದ ಹಾಳೆ ತಿರುವಿದ್ರು. ನಿಯಮ ಇಪ್ಪತ್ತೆರಡು: ಹಸು ಎಂದರೆ ನಾಲ್ಕು ಕಾಲುಳ್ಳ, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬಹುದಾದ, ಸಾಲಗಾರರ ಸ್ವಾಧೀನದಲ್ಲಿರುವ ಸ್ವತ್ತು.

"ಕಾಲು ಎಷ್ಟು ಅಂದ್ರಿ?"

"ನಾಲ್ಕು ಸ್ವಾಮಿ."

"ಮೊದ್ಲೇ ಹೇಳದಲ್ವೇನಮ್ಮ."

ಮಾರನೇ ದಿನ ಪಶುವೈದ್ಯ ಗಂಗಾಧರಪ್ಪನವರು ಮೊಪೆಡ್‌ನಲ್ಲಿ ಬಂದು ಮನೆ ಸುತ್ತ ಎರಡು ಸುತ್ತು ಹಾಕಿದ್ರು. ಕಿಟಕಿ ಸರಳು ಎಣಿಸಿ "ಎಂಟು ಹಲ್ಲು, ಬಾಯಿಗೂಡಿದೆ" ಅಂತ ಬರ್ಕೊಂಡ್ರು. ಮೈ ಬಿಳಿ, ತಲೆ ಹಸಿರು. ಮಟಮಟ ಮಧ್ಯಾಹ್ನ ತಗಡಿನ ಮೇಲೆ ಕೈಯಿಟ್ಟು, ತಕ್ಷಣ ತೆಗೆದು, ಒಸಿ ಜ್ವರ ಅದೆ ಅಂದ್ರು. ಪರೀಕ್ಷೆಗೆ ಇನ್ನೂರು, ಜ್ವರಕ್ಕೆ ಐವತ್ತು. ಸಾಲದ ರಾಸು ಅಂದ್ಮೇಲೆ ಕಿವಿಗೆ ನಂಬರಿನ ಓಲೆ ಹೊಡೀಬೇಕಲ್ಲ, ಕಿವಿ ಎಲ್ಲಿ ಅಂತ ಹುಡುಕ್ತಿದ್ರೆ ಅತ್ತೆ ಬಲಗಡೆ ಕಿಟಕಿ ಬಾಗಿಲು ತೋರಿಸಿದ್ಲು. "ಇದಕ್ಕೇ ಹೊಡೀರಿ ಡಾಕ್ಟ್ರೇ, ಎಡಗಡೇದು ಮೊದ್ಲೇ ಸರಿಯಾಗಿ ಮುಚ್ಚಲ್ಲ." ನಂಬರ್ 4417. ಸಂಜೆಗೆ ಹದಿನೈದು ಸಾವಿರ ಮಂಜೂರು.

ಇಲ್ಲೀಗಂಟ ಎಲ್ಲ ಕ್ರಮಬದ್ಧವಾಗಿತ್ತು. ತೊಂದರೆ ಬಂದದ್ದು ಗೃಹಪ್ರವೇಶದಲ್ಲಿ.

ಹೊಸ ಮನೆಗೆ ಮೊದಲು ಹಸು ನುಗ್ಗಿಸಬೇಕಲ್ಲ. ಪಕ್ಕದ ಸಣ್ಣಬೀರಯ್ಯನ ಹಸು ತಂದ್ವಿ. ಅದೂ ಅದೇ ಸಂಘದ ಸಾಲದ ಹಸು, ಓಲೆ ನಂಬರ್ 4402. ಅದು ಒಳಗೆ ನಿಂತು ಬಾಳೆಕಂಬ ಮೇಯ್ತಾ ಇರೋ ಹೊತ್ತಿಗೆ ಸರಿಯಾಗಿ ಹುಣಸೂರಿಂದ ತಪಾಸಣಾಧಿಕಾರಿ ಮಹದೇವಯ್ಯನವರು ಬಂದ್ರು. ಕಿಟಕಿ ಮೇಲೆ 4417 ನೋಡಿದ್ರು, ಟಿಕ್ ಹಾಕಿದ್ರು. ಕಿಟಕಿ ಒಳಗೆ ಬಗ್ಗಿ ನೋಡಿದ್ರೆ 4402. ಅವರ ಮುಖ ಗಂಟಾಯ್ತು. ಒಂದೇ ರಾಸಿಗೆ ಎರಡು ಓಲೆ, ಎರಡು ಸಾಲ, ಶುದ್ಧ ವಂಚನೆ, ಸಾಲ ಈಗಲೇ ರದ್ದು, ಸ್ವತ್ತು ಜಪ್ತಿ, ಲಾರಿ ಕರೀರಿ ಅಂದ್ರು. ಒಳಗೆ ಒಲೆ ಮೇಲೆ ಅತ್ತೆ ಇಟ್ಟ ಹಾಲು ಉಕ್ತಾ ಇತ್ತು. ಉಕ್ಕಲಿ ಅಂತ ಇಟ್ಟದ್ದೇ, ಆದ್ರೂ ಅತ್ತೆ ಅದರ ಕಡೆ ನೋಡ್ಲಿಲ್ಲ. ಬಾಗಿಲಿಗೆ ಎರಡೂ ಕೈ ಅಡ್ಡ ಇಟ್ಕೊಂಡು ನಿಂತಿದ್ಲು.

ಊಟಕ್ಕೆ ಬಂದಿದ್ದ ಗಂಗಾಧರಪ್ಪನವರು ಪಾಯಸ ಮುಗಿಸಿ ಎದ್ದು ಬಂದ್ರು.

"ಸಾರ್, ಒಂದು ರಾಸಿನೊಳಗೆ ಇನ್ನೊಂದು ರಾಸು ಇದ್ರೆ ಅದಕ್ಕೆ ಏನಂತಾರೆ?"

ಮಹದೇವಯ್ಯನವರು ಕಿಟಕಿ ಒಳಗೆ ಇನ್ನೊಂದ್ಸಲ ಬಗ್ಗಿ ನೋಡಿದ್ರು.

"ಗಬ್ಬ."

"ಬರ್ಕಳಿ."

ಬರ್ಕೊಂಡ್ರು. ಗಬ್ಬದ ಹಸುವಿಗೆ ಕರು ಹಾಕೋಗಂಟ ಕಂತಿಲ್ಲ, ಅದೂ ನಿಯಮವೇ. ಸಣ್ಣಬೀರಯ್ಯನಿಗೂ ಲಾಭ ಆಯ್ತು. ಅವನ ಹಸು ಇನ್ನೂ ಹುಟ್ಟಿಲ್ಲ ಅಂತ ದಾಖಲಾದ್ದರಿಂದ ಅವನ ಕಂತೂ ನಿಂತೋಯ್ತು. ಹುಟ್ಟದ ಹಸುವಿನ ಹಾಲು ಡೈರೀಲಿ ತಗೊಳ್ಳಲ್ಲ ಅಂದ್ರು, ಅದೊಂದು ತಾಪತ್ರಯ. ಅವನು ಹಾಲನ್ನ ಇಡ್ಲಿ ಅಂಗಡಿಗೆ ಕೊಡೋಕೆ ಶುರು ಮಾಡ್ದ.

ಒಂಬತ್ತು ತಿಂಗಳು ತುಂಬಿದ ದಿನವೇ ನೋಟೀಸು ಬಂತು. "ಏಳು ದಿನದೊಳಗೆ ಕರುವನ್ನು ಹಾಜರುಪಡಿಸತಕ್ಕದ್ದು. ತಪ್ಪಿದಲ್ಲಿ ತಾಯಿಯನ್ನು ಹರಾಜು ಹಾಕಲಾಗುವುದು." ಅತ್ತೆ ನೋಟೀಸು ಹಿಡ್ಕೊಂಡು ಸೀದಾ ನೀಲಕಂಠಸ್ವಾಮಿಯವರ ಹತ್ರ ಹೋದ್ಲು. ಅವರಿಗೆ ಆ ವರ್ಷ ಕರು ಸಾಕಾಣಿಕೆ ಸಾಲದಲ್ಲೂ ಒಂದು ಕಮ್ಮಿ ಇತ್ತು. ಹಳೇ ಸಾಲ ಹೊಸದಕ್ಕೆ ಸೇರಿಸಿ, ನಾಲ್ಕು ಸಾವಿರ ಮೇಲೆ ಕೊಟ್ಟು, ಟೀ ಖರ್ಚು ಇನ್ನೂರು ಮುರ್ಕೊಂಡ್ರು. ಆರನೇ ದಿನ ಅದೇ ಕಂಪ್ನಿಯಿಂದ ತಗಡಿನ ಬಚ್ಚಲುಮನೆ ಬಂತು. ಸಣ್ಣ ಸಣ್ಣ ನಾಲ್ಕು ಕಾಲು.

ಮಹದೇವಯ್ಯನವರು ಬಂದು ಕರುವನ್ನೊಂದ್ಸಲ ತಾಯಿಯನ್ನೊಂದ್ಸಲ ನೋಡಿದ್ರು. ತಾಯಿ ಹೋಲಿಕೆ ಅದೆ ಅಂದ್ರು. ಹೋರಿಯೋ ಕಡಸೋ ಅಂತ ಕೇಳಿದ್ರು. ಕಡಸಿಗೆ ಸಬ್ಸಿಡಿ ಇತ್ತು.

"ಕಡಸು ಸಾರ್."

"ಎಂಗೆ ಹೇಳ್ತೀಯಮ್ಮ?"

"ಒಳಗೆ ದಿನಾ ಹೋಗೋಳು ನಾನಲ್ವಾ."

ಇದು ಸಮಂಜಸ ಉತ್ತರ ಅಂತ ಟಿಪ್ಪಣಿ ಬರೆದ್ರು. ಇನ್ನು ಕರು ಹಾಕಿದ ಹಸು ಹಾಲು ಕೊಡಬೇಕು, ಹಾಲಿನ ಬಟವಾಡೆಯಲ್ಲೇ ಕಂತು ಮುರ್ಕೊಳ್ತಾರೆ. ಅತ್ತೆ ಆಗಲೇ ಸಣ್ಣಬೀರಯ್ಯನ ಹತ್ರ ಮಾತಾಡಿದ್ಲು. ಹುಟ್ಟದ ಹಸುವಿನ ಎಂಟು ಲೀಟರ್ ಹಾಲನ್ನ ಅವತ್ತಿಂದ ಮನೆ ಹೆಸರಲ್ಲಿ ಡೈರಿಗೆ ಹಾಕ್ತಾ ಅವ್ಳೆ. ಇಡ್ಲಿ ದುಡ್ಡಲ್ಲಿ ಹಾಲು, ಹಾಲಿನ ದುಡ್ಡಲ್ಲಿ ಕಂತು. ಕಳೆದ ಸಲ ಉತ್ತಮ ರಾಸು ಅಂತ ಒಂದು ಸ್ಟೀಲ್ ಬಿಂದಿಗೆಯೂ ಬಂತು.

ಕರು ನೋಡೋಕೆ ಬಂದ ದಿನ ಮಹದೇವಯ್ಯನವರು ಆರು ಇಡ್ಲಿ ತಿಂದು, ಪ್ರಯಾಣ ಭತ್ಯೆ ಅಂತ ನೂರು ಇಸ್ಕೊಂಡು, ಚಪ್ಪಲಿ ಮೆಟ್ಕೊಂಡು ಹೊರಟ್ರು. ಅತ್ತೆ ಬಾಗಿಲು ತೆಗೆದೇ ಬಿಟ್ಟಿದ್ಲು, ಜನವರಿ ಚಳಿಗಾಳಿ ನುಗ್ತಾ ಇತ್ತು. ಅವರು ಹೊಸಿಲು ದಾಟಿದೋರು ನಿಂತು ಹಿಂದಕ್ಕೆ ತಿರುಗಿದ್ರು.

"ಬಾಣಂತಿ ಕಣಮ್ಮ, ಗಾಳಿ ತಾಗಬಾರ್ದು," ಅಂತ ಹೇಳಿ, ಸದ್ದಾಗದ ಹಾಗೆ ಬಾಗಿಲು ಮುಚ್ಕೊಂಡು ಹೋದ್ರು.